ನಮ್ಮ ಡ್ರೈವರ್ ಕುಡಿಯಂಗಿಲ್ರಿ

ಬೆಳಿಗ್ಗೆ ಎಂಟೂಕಾಲಿಗೆ ಕ್ರೂಸರ್ ನಮ್ಮ ಬೀದಿಯ ತಿರುವಿಗೆ ಬಂದು ನಿಲ್ಲುತ್ತಿತ್ತು. ಹತ್ತಿ ಕೂತ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಕಿಟಕಿಯ ಗಾಜು ಸರಿಸುವುದು. ನನಗಿಂತ ಮುಂಚೆ ಹತ್ತಿದವರು ತಮ್ಮ ತಮ್ಮ ಗಾಜುಗಳನ್ನು ಆಗಲೇ ಸರಿಸಿಕೊಂಡಿರುತ್ತಿದ್ದರು. ಚಳಿಗಾಲದಲ್ಲೂ ಅಷ್ಟೇ, ಲಾರಿಗಳ ಧೂಳು ಮುಖಕ್ಕೆ ರಾಚುವ ಬೇಸಿಗೆಯಲ್ಲೂ ಅಷ್ಟೇ. ಗಾಡಿಯೊಳಗೆ ಊದುಬತ್ತಿಯ ವಾಸನೆ ಇರುತ್ತಿತ್ತು, ಜರ್ದಾ ಪಾನಿನ ವಾಸನೆ ಇರುತ್ತಿತ್ತು, ಅವೆರಡರ ಕೆಳಗೆ ಹುಳಿ ಹುಳಿಯಾದ ಇನ್ನೊಂದು ವಾಸನೆ ಇರುತ್ತಿತ್ತು. ಅದು ಏನೆಂದು ಏಳು ಜನ ಹೆಂಗಸರಿಗೂ ಗೊತ್ತಿತ್ತು. ಎಂಟು ತಿಂಗಳು ನಾವು ಅದನ್ನು ಹೊರಗಿನ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ.

ನಾವೆಲ್ಲ ಬಳ್ಳಾರಿಯಲ್ಲಿ ಮನೆ ಮಾಡಿಕೊಂಡು ಕುರುಗೋಡಿನಲ್ಲೋ ಅದರ ಸುತ್ತಲಿನ ಹಳ್ಳಿಗಳಲ್ಲೋ ಕೆಲಸ ಮಾಡುವವರು. ಐದು ಜನ ಶಿಕ್ಷಕಿಯರು, ಒಬ್ಬಾಕೆ ಬ್ಯಾಂಕಿನವಳು, ಇನ್ನೊಬ್ಬಾಕೆ ಕೃಷಿ ಇಲಾಖೆಯವಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಸ್ಸಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೋಗಿ ಸಾಕಾಗಿ, ಎಲ್ಲರೂ ಸೇರಿ ತಿಂಗಳ ಲೆಕ್ಕದಲ್ಲಿ ಈ ಕ್ರೂಸರ್ ಗೊತ್ತು ಮಾಡಿಕೊಂಡಿದ್ದೆವು. ಗಾಡಿಯೂ ಅವನದೇ, ಓಡಿಸುವವನೂ ಅವನೇ. ನಲವತ್ತೈದರ ಆಸುಪಾಸಿನ ಬಡಕಲು ಮನುಷ್ಯ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ನಮ್ಮ ಕೈಯಿಂದ ಚೀಲ ತೆಗೆದುಕೊಂಡು ಹಿಂದೆ ಇಡುತ್ತಿದ್ದ. ಮೌಲ್ಯಮಾಪನದ ದಿನ ಎರಡು ಗಂಟೆ ತಡವಾದರೂ ಮುಖ ಗಂಟಿಕ್ಕದೆ ಕಾಯುತ್ತಿದ್ದ. ಬ್ಯಾಂಕಿನ ಹುಡುಗಿ ಬಸುರಿಯಾಗಿದ್ದಾಗ ರಸ್ತೆಯ ಪ್ರತಿ ಹಂಪಿನ ಹತ್ತಿರವೂ ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸಿಯೇ ದಾಟಿಸುತ್ತಿದ್ದ. ನಮ್ಮನ್ನೆಲ್ಲ ಅಕ್ಕಾರ ಎಂದು ಕರೆಯುತ್ತಿದ್ದ. ಇಂಥವನ ಬಗ್ಗೆ ಏನು ದೂರು ಹೇಳುವುದು ಎಂದು ನಾವು ನಮ್ಮಷ್ಟಕ್ಕೆ ಸಮಾಧಾನ ಮಾಡಿಕೊಂಡಿದ್ದೆವು.

ಒಂದೇ ಒಂದು ಸಲ ನಾನು ಕೇಳಿದ್ದುಂಟು. ಅವತ್ತು ಮೊದಲು ಹತ್ತಿದವಳು ನಾನೇ, ಬೇರೆ ಯಾರೂ ಇರಲಿಲ್ಲ.

"ಬೆಳಿಗ್ಗೆನ ತೊಗೊಂಡು ಬರ್ತೀರೇನು ನೀವು?"

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಇಲ್ರಿ ಅಕ್ಕಾರ. ರಾತ್ರಿ ಒಂದೀಟು ತೊಗೊಂಡಿದ್ದೆ, ಮೈಕೈ ನೋವ್ರಿ. ಅದರ ವಾಸನಿ ಅದು. ಮುಂದ ದೇವರ ಫೋಟೋ ಇಟಗೊಂಡು ಗಾಡ್ಯಾಗ ಹೆಂಗ ಕುಡಿಲ್ರಿ?"

ನಾನು ವಿಜ್ಞಾನದ ಮೇಡಂ. ರಾತ್ರಿ ಕುಡಿದದ್ದು ಬೆಳಗಿನ ರಕ್ತದಲ್ಲೂ ಇರಬಹುದು ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ "ಹೌದಾ" ಎಂದು ಸುಮ್ಮನಾದೆ. ಸಂಜೆ ಗಾಡಿಗೆ ಕಾಯುವಾಗ ಇದನ್ನು ನಮ್ಮ ಪೈಕಿ ಹಿರಿಯರಾದ ಮೇಡಂ ಹತ್ತಿರ ಹೇಳಿದೆ. ಅವರು ನಮ್ಮ ಶಾಲೆಯಲ್ಲೇ ಕನ್ನಡ ಕಲಿಸುವವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಗಾಡಿಯಲ್ಲಿ ಅವರದೇ ಮಾತು ನಡೆಯುತ್ತಿತ್ತು.

"ನಿನಗ್ಯಾಕ ಬೇಕವ್ವಾ ಊರ ಉಸಾಬರಿ?" ಎಂದರು. "ಇವನ್ನ ಬಿಟ್ರ ಇನ್ನೊಬ್ಬ ಎಲ್ಲಿ ಸಿಗ್ತಾನ? ಮೊದಲಿನವ ಕುಡೀತಿರಲಿಲ್ಲ, ಆದ್ರ ದಿನಾ ಬರಾಕ ಒಂಬತ್ತು ಮಾಡ್ತಿದ್ದ. ಇವ ತೊಗೊಂಡ್ರೂ ಸ್ಟಡಿ ಇರ್ತಾನ."

ಉಳಿದವರು ನಕ್ಕರು. ನಾನೂ ನಕ್ಕೆ. ಆ ನಗುವನ್ನು ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ನಡೆಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಊರು ದಾಟುವ ಜಾಗದಲ್ಲಿ ಪೊಲೀಸರು ಬ್ಯಾರಿಕೇಡ್ ಇಟ್ಟು ಗಾಡಿಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದರು. ಅವನಿಗೆ ಅದು ದೂರದಿಂದಲೇ ಕಂಡಿತು. ಗಾಡಿ ನಿಧಾನ ಮಾಡಿ, ತಿರುಗದೆಯೇ ಹೇಳಿದ:

"ಅಕ್ಕಾರ, ಒಂದ್ ಮಾತು ಹೇಳಿಬಿಡ್ರಿ. ಲೈಸೆನ್ಸ್ ಹೋತಂದ್ರ ನನ್ನ ಮಕ್ಕಳು ಬೀದಿಗೆ ಬರ್ತಾವು. ಕೈ ಮುಗೀತೀನಿ."

ನಾನು ಡ್ರೈವರಿನ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತಿದ್ದೆ. ಎಸ್‌ಐ ಗಾಡಿಯ ದಾಖಲೆ ನೋಡಿ, ಒಂದು ಸಲ ಮೂಗು ಅರಳಿಸಿ, ನೇರವಾಗಿ ನನ್ನ ಕಿಟಕಿಗೆ ಬಂದರು. ಮೂವತ್ತು ದಾಟಿರದ ಯುವಕ. ಹಿಂದೆ ನಿಂತಿದ್ದ ಪೇದೆಯ ಕೈಯಲ್ಲಿ ಊದುವ ಮಿಷನ್ ಇತ್ತು. ಅದರ ಹೊಸ ನಳಿಕೆಯನ್ನು ಆತ ಆಗಷ್ಟೇ ಪ್ಲಾಸ್ಟಿಕ್ ಹರಿದು ತೆಗೆಯುತ್ತಿದ್ದ.

"ಎಲ್ಲಿಗೆ ಹೊಂಟೀರಿ ಮೇಡಂ?"

"ಕುರುಗೋಡಿಗೆ ರಿ. ಸಾಲಿಗೆ. ಪರೀಕ್ಷಾ ಐತಿ."

"ಡ್ರೈವರ್ ತೊಗೊಂಡಾನೇನು? ವಾಸನಿ ಬಂದಂಗ ಆತು."

ಹಿರಿಯ ಮೇಡಂ ನನ್ನ ಬೆನ್ನನ್ನು ಮೆಲ್ಲಗೆ ಮುಟ್ಟಿದರು. ಯಾರೋ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟರು. ಎಂಟೂಮುಕ್ಕಾಲು ಆಗಿತ್ತು. ಪ್ರಶ್ನೆಪತ್ರಿಕೆಯ ಕಟ್ಟು ಒಡೆಯುವ ಹೊತ್ತಿಗೆ ನಾನು ಅಲ್ಲಿರಬೇಕಿತ್ತು. ಇದೆಲ್ಲ ನಿಜ. ಆದರೆ ನಾನು ಬಾಯಿ ತೆರೆದದ್ದು ಇದಕ್ಕಲ್ಲ. ಆ ಕ್ಷಣಕ್ಕೆ ಸುಳ್ಳು ಹೇಳುವುದು ನಿಜ ಹೇಳುವುದಕ್ಕಿಂತ ಸಲೀಸಾಗಿತ್ತು, ಅಷ್ಟೇ.

"ಇಲ್ರಿ ಸರ್," ಎಂದೆ. "ನಮ್ಮ ಡ್ರೈವರ್ ಕುಡಿಯಂಗಿಲ್ರಿ. ಜರ್ದಾ ಪಾನ್ ಹಾಕ್ಕೊಂಡಾರ, ಅದು ಅದರ ವಾಸನಿ."

ಎಸ್‌ಐ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಟೀಚರ್ ಅದೀರಿ. ನೀವ ಹೇಳಿದ ಮ್ಯಾಲ ಆತು ಬಿಡ್ರಿ. ಹೋಗ್ರಿ."

ಪೇದೆ ನಳಿಕೆಯನ್ನು ಜೇಬಿಗೆ ಹಾಕಿಕೊಂಡ. ಬ್ಯಾರಿಕೇಡ್ ಸರಿಯಿತು. ಅರ್ಧ ಕಿಲೋಮೀಟರು ಹೋದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹಿರಿಯ ಮೇಡಂ ನನ್ನ ಭುಜ ತಟ್ಟಿ, "ಏನರ ಅನ್ನು, ವಿಜ್ಞಾನದ ಮೇಡಂಗೆ ಧೈರ್ಯ ಐತಿ" ಎಂದರು. ಮರುದಿನ ಅವನು ಒಂದು ಡಬ್ಬಿ ಅಂಜೂರ ತಂದು ನನ್ನ ಕೈಗೆ ಕೊಟ್ಟ. "ನಿಮ್ಮ ಉಪಕಾರ ಮರೆಯಂಗಿಲ್ಲ ಅಕ್ಕಾರ" ಎಂದ. ಬಾಯಿ ಆಗಲೂ ವಾಸನೆ ಹೊಡೆಯುತ್ತಿತ್ತು. ನಾನು ಡಬ್ಬಿಯನ್ನು ಎಲ್ಲರಿಗೂ ಹಂಚಿದೆ. ನಾನೂ ಮೂರು ಹಣ್ಣು ತಿಂದೆ.

ಅವತ್ತಿನಿಂದ ಅವನಿಗೆ ಇದ್ದ ಅಲ್ಪಸ್ವಲ್ಪ ಅಂಜಿಕೆಯೂ ಹೋಯಿತು. ಮುಂಚೆ ಬೆಳಿಗ್ಗೆ ಮಾತ್ರ ಇರುತ್ತಿದ್ದ ವಾಸನೆ ಈಗ ಸಂಜೆಯೂ ಬರತೊಡಗಿತು. ನಮ್ಮನ್ನು ಶಾಲೆಗಳಿಗೆ ಇಳಿಸಿದ ಮೇಲೆ ಅವನು ಕುರುಗೋಡಿನಲ್ಲಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಸಂಜೆಯವರೆಗೆ ಇರುತ್ತಿದ್ದ. ಒಂದು ದಿನ ಸೀಟಿನ ಕೆಳಗೆ ಕಾಲಿಗೆ ಏನೋ ತಾಗಿ ಬಗ್ಗಿ ನೋಡಿದರೆ, ಹಿಂಡಿ ಎಸೆದ ಸಣ್ಣ ಪ್ಯಾಕೆಟ್ಟುಗಳು ಸಿಕ್ಕವು. ಜ್ಯೂಸಿನ ಪ್ಯಾಕೆಟ್ಟಿನಂಥವೇ, ಒಳಗೆ ಇರುತ್ತಿದ್ದುದು ಮಾತ್ರ ಅಗ್ಗದ ವಿಸ್ಕಿ. ನಾನು ಅವನ್ನು ಚಪ್ಪಲಿಯಿಂದಲೇ ಒಳಕ್ಕೆ ದೂಡಿದೆ.

ಚೆಕಿಂಗ್ ಆಗಿ ಹನ್ನೊಂದನೆಯ ದಿನ. ಸಂಜೆ ಐದು ದಾಟಿತ್ತು, ಬಿಸಿಲು ಇನ್ನೂ ಇತ್ತು. ಅವನು ಬಂದಾಗ ಕಣ್ಣು ಕೆಂಪಗಿದ್ದವು, ಮಾತು ತೊದಲುತ್ತಿತ್ತು. ಚೀಲ ತೆಗೆದುಕೊಳ್ಳಲು ಇಳಿಯಲಿಲ್ಲ. ನಾವು ಏಳು ಜನರೂ ಅದನ್ನು ನೋಡಿದೆವು, ಏಳು ಜನರೂ ಹತ್ತಿದೆವು. ಊರು ಬಿಡುವಷ್ಟರಲ್ಲಿ ಗಾಡಿ ಎರಡು ಸಲ ಎಡಕ್ಕೆ ವಾಲಿ ಮಣ್ಣಿಗಿಳಿದು ಮತ್ತೆ ಡಾಂಬರಿಗೆ ಹತ್ತಿತು. ಹೆರಿಗೆ ರಜೆ ಮುಗಿಸಿ ಆ ವಾರವಷ್ಟೇ ವಾಪಸ್ ಬಂದಿದ್ದ ಬ್ಯಾಂಕಿನ ಹುಡುಗಿ, "ಅಣ್ಣಾ, ಸಾವಕಾಶ ಹೋಗ್ರಿ" ಎಂದಳು. "ಏನ್ ಅಂಜಬ್ಯಾಡ್ರಿ ತಂಗಿ" ಎಂದ ಅವನು. ನಿಲ್ಲಿಸು, ಇಳಿಯುತ್ತೇವೆ ಎನ್ನಲು ನನಗೆ ಬಾಯಿ ಇತ್ತು. ನಾನು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ.

ಕಾಲುವೆಯ ಸೇತುವೆ ಇಳಿದ ಕೂಡಲೇ ಒಂದು ತಿರುವು. ತಿರುವಿನಲ್ಲಿ, ರಸ್ತೆ ಬಿಟ್ಟು ಕೆಳಗೆ, ಒಂದು ಗೂಡ್ಸ್ ಆಟೋ ನಿಂತಿತ್ತು. ಮೆಣಸಿನಕಾಯಿ ಬಿಡಿಸಿ ವಾಪಸ್ ಹೊರಟಿದ್ದ ಕೂಲಿ ಹೆಂಗಸರು ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ಕೊನೆಯವಳು ಬುತ್ತಿಯ ಗಂಟನ್ನು ಮೇಲಿದ್ದವಳ ಕೈಗೆ ಕೊಟ್ಟು, ಒಂದು ಕಾಲು ಎತ್ತಿಟ್ಟಿದ್ದಳು. ನಮ್ಮ ಗಾಡಿ ತಿರುಗಲೇ ಇಲ್ಲ, ನೇರ ಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಸಿ ಕಟ್ಟಿಗೆ ಮುರಿದಂಥ ಒಂದು ಸದ್ದು, ಆಮೇಲೆ ಹೆಂಗಸರ ಕೂಗು.

ನಾನು ಇಳಿದು ಓಡಿದೆ. ಆಕೆಯ ಎಡಗಾಲು ಮೊಣಕಾಲಿನ ಕೆಳಗೆ ನಮ್ಮ ಗಾಡಿಯ ಬಂಪರಿಗೂ ಆಟೋದ ಅಂಚಿಗೂ ನಡುವೆ ಸಿಕ್ಕಿತ್ತು. ಆಟೋದವನು ಮತ್ತು ಹೊಲದಿಂದ ಓಡಿ ಬಂದ ಇಬ್ಬರು ಗಾಡಿಯನ್ನು ಹಿಂದಕ್ಕೆ ದೂಡಿದರು. ಕಾಲಿನ ಬಗ್ಗೆ ನಾನು ಬರೆಯುವುದಿಲ್ಲ. ನಾನು ಅಂಬುಲೆನ್ಸಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ತನ್ನ ಸೀರೆಯ ಅಂಚನ್ನು ಹರಿದು ಮೊಣಕಾಲಿನ ಮೇಲೆ ಕಟ್ಟುತ್ತಿದ್ದಳು, ನಾನು ಕಾಲನ್ನು ಎರಡೂ ಕಡೆಯಿಂದ ಹಿಡಿದುಕೊಂಡೆ. ಗಾಯವಾದಾಕೆ ಅಳುತ್ತಿರಲಿಲ್ಲ. ಬಾಯಿ ತೆರೆದು ಆಕಾಶ ನೋಡುತ್ತಿದ್ದಳು.

ನಮ್ಮ ಡ್ರೈವರ್ ಆ ಹೊತ್ತಿಗೆ ಗಾಡಿಯಿಂದ ಇಳಿದು ಕಾಲುವೆಯ ದಂಡೆಗೆ ಹೋಗಿ ವಾಂತಿ ಮಾಡಿಕೊಂಡ. ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು ನಮ್ಮ ಹತ್ತಿರ ಬಂದು ಹೇಳಿದ, "ಬ್ರೇಕ್ ಹಿಡೀಲಿಲ್ರಿ ಅಕ್ಕಾರ. ನಾ ಏನ್ ಮಾಡ್ಲಿ, ಬ್ರೇಕ್ ಹಿಡೀಲಿಲ್ಲ."

ಹಿರಿಯ ಮೇಡಂ ಉಳಿದವರನ್ನು ರಸ್ತೆಯ ಆ ಬದಿಗೆ ಕರೆದುಕೊಂಡು ಹೋಗಿದ್ದರು. ನನ್ನನ್ನೂ ಕೈ ಮಾಡಿ ಕರೆದರು. ನನ್ನ ಕೈಗೆ ರಕ್ತ ಮೆತ್ತಿತ್ತು. ಅವರು ಅದನ್ನು ನೋಡಿ, ತಮ್ಮ ಸೀರೆಯ ನೆರಿಗೆಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರು.

"ಪೊಲೀಸರು ಬರ್ತಾರ. ಎಲ್ಲಾರೂ ಒಂದ ಮಾತು ಹೇಳ್ರಿ. ಬ್ರೇಕ್ ಫೇಲ್ ಆತು, ಅಷ್ಟ."

"ಕುಡಿದಿದ್ದ ಅಲ್ರಿ ಮೇಡಂ," ಎಂದೆ ನಾನು.

"ಕುಡಿದಿದ್ದ ಅಂದ್ರ ಮೊದಲ ನಮ್ಮನ್ನ ಕೇಳ್ತಾರವ್ವ. ಗೊತ್ತಿದ್ದೂ ಯಾಕ ಹತ್ತಿದ್ರಿ ಅಂತಾರ. ಸರ್ಕಾರಿ ನೌಕರಿ ಮಾಡೋರು ನಾವು. ಸಾಕ್ಷಿ ಹೇಳಾಕ ವರ್ಷಗಟ್ಟಲೆ ಕೋರ್ಟಿಗೆ ಅಡ್ಡಾಡ್ತೀಯೇನು?"

ಹತ್ತು ಮಾರು ದೂರದಲ್ಲಿ ಒಂದು ಜೀವ ಕೊಸರಾಡುತ್ತಿತ್ತು. ಇಲ್ಲಿ ಮಕ್ಕಳಿಗೆ ನೀತಿ ಪಾಠ ಮಾಡುವ ನಾಲಿಗೆಗಳು ಯಾವ ಸುಳ್ಳು ಹೇಳಬೇಕೆಂದು ಗೊತ್ತುಮಾಡಿಕೊಳ್ಳುತ್ತಿದ್ದವು. ನನಗೆ ಅಸಹ್ಯ ಹುಟ್ಟಿತು. ಅವರ ಮೇಲಷ್ಟೇ ಅಲ್ಲ, ನನ್ನ ಮೇಲೂ. ಅವರು ಇವತ್ತು ಹೇಳಲು ಹೊರಟಿದ್ದನ್ನು ನಾನು ಹನ್ನೊಂದು ದಿನ ಮೊದಲೇ ಹೇಳಿ ಮುಗಿಸಿದ್ದೆ.

ಅಂಬುಲೆನ್ಸ್ ಬಂದು ಆಕೆಯನ್ನು ಬಳ್ಳಾರಿಗೆ ಒಯ್ದ ಮೇಲೆ ಪೊಲೀಸರು ಬಂದರು. ಅದೇ ಎಸ್‌ಐ. ಆ ರಸ್ತೆಯೂ ಅವರ ಸ್ಟೇಷನ್ನಿಗೇ ಸೇರಿತ್ತು. ಈ ಸಲ ಯಾರನ್ನೂ ಏನೂ ಕೇಳದೆ ಮಿಷನ್ ತರಿಸಿದರು. ಅವನು ಊದಿದಂತೆ ಮಾಡಿ ಉಸಿರು ಒಳಗೇ ಹಿಡಿದ. ಮತ್ತೆ ಊದಿಸಿದರು. ನೂರಾ ಅರವತ್ತೆರಡು ಬಂತು. ಮೂವತ್ತು ದಾಟಿದರೆ ಅಪರಾಧ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಎಸ್‌ಐ ಅಂಕಿಯನ್ನು ಬರೆದುಕೊಂಡು ತಲೆಯೆತ್ತಿದಾಗ ಅವರ ಕಣ್ಣಿಗೆ ನಾನು ಬಿದ್ದೆ.

"ಮೇಡಂ, ನೀವ ಅಲ್ಲೇನು ಅವತ್ತು?" ಎಂದರು.

ಹೌದು ಎಂದೆ. ಅವನನ್ನು ರಕ್ತಪರೀಕ್ಷೆಗೆಂದು ಜೀಪಿಗೆ ಹತ್ತಿಸಿದರು.

ಮನೆಗೆ ಹೋಗಿ ಮೂರು ಸಲ ಕೈ ತೊಳೆದೆ. ನಮ್ಮ ಮನೆಯವರು ಕುಡತಿನಿಯಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಎಲ್ಲವನ್ನೂ ಹೇಳಿದೆ. "ಸ್ಟೇಷನ್ನಿಗೆ ಹೋಗ್ತೀಯೇನು?" ಎಂದರು. ಹೋಗುತ್ತೇನೆ ಎಂದೆ. "ಅವತ್ತಿನ ಚೆಕಿಂಗ್ ಸುದ್ದಿ ಮಾತ್ರ ತಗೀಬ್ಯಾಡ, ಅದೇನ್ ಎಲ್ಲೂ ಬರದಿಟ್ಟಿಲ್ಲ" ಎಂದರು. ಇದೇ ಮನುಷ್ಯ ತಿಂಗಳಿಗೆ ಒಂದೆರಡು ಸಲ ಸ್ನೇಹಿತರ ಜೊತೆ ಪಾರ್ಟಿ ಮುಗಿಸಿ ಬೈಕಿನಲ್ಲಿ ಹೈವೇ ಹಿಡಿದು ಬರುತ್ತಿದ್ದರು. ನಾನು ಬಾಗಿಲು ತೆಗೆದು ಮೂಗು ಆ ಕಡೆ ತಿರುಗಿಸಿ ಅನ್ನ ಬಡಿಸುತ್ತಿದ್ದೆ. ನನ್ನ ಮೂಗಿಗೆ ಸುಮ್ಮನಿರುವ ಅಭ್ಯಾಸ ಆದದ್ದು ಕ್ರೂಸರಿನಲ್ಲಲ್ಲ ಎಂದು ಆ ರಾತ್ರಿ ಹೊಳೆಯಿತು.

ಮರುದಿನ ರಜೆ ಹಾಕಿ ಸ್ಟೇಷನ್ನಿಗೆ ಹೋದೆ. ಎಂಟು ತಿಂಗಳ ವಾಸನೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಎಸ್‌ಐ ಬರೆದುಕೊಳ್ಳುತ್ತಾ ಹೋದರು. ಚೆಕಿಂಗ್ ದಿನದ ಮಾತು ಬಂದಾಗ ಪೆನ್ನು ನಿಂತಿತು.

"ಅದನ್ನೂ ಬರೀರಿ ಸರ್," ಎಂದೆ.

"ಬರದ್ರ ಏನಾಗ್ತೈತಿ ಗೊತ್ತೈತೇನ್ರಿ?" ಎಂದರು. ಆಮೇಲೆ ಪಾಠ ಒಪ್ಪಿಸಿದಂತೆ ಒಂದೊಂದೇ ಹೇಳಿದರು. ನೂರು ಮಿಲಿಲೀಟರ್ ರಕ್ತಕ್ಕೆ ಮೂವತ್ತು ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ ನೂರಾ ಎಂಬತ್ತೈದನೇ ಕಲಂ. ಮೊದಲ ಸಲ ಸಿಕ್ಕರೆ ಹತ್ತು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಬೇಕಾದರೆ ಎರಡೂ. ಮತ್ತೆ ಸಿಕ್ಕರೆ ಹದಿನೈದು ಸಾವಿರ, ಎರಡು ವರ್ಷದವರೆಗೆ ಜೈಲು. ಲೈಸೆನ್ಸ್ ಅಮಾನತು. ಯಾರಿಗಾದರೂ ಪೆಟ್ಟಾಗಿದ್ದರೆ ಅದರ ಕಲಮುಗಳು ಬೇರೆ.

"ಅದರ ಮುಂದ ನೂರಾ ಎಂಬತ್ತೆಂಟು ಅಂತ ಒಂದು ಐತಿ," ಎಂದರು. "ಕುಡಿದು ಓಡಿಸಾಕ ಕುಮ್ಮಕ್ಕು ಕೊಟ್ಟವರಿಗೂ ಅದ ಶಿಕ್ಷಾ."

"ನನ್ನ ಮ್ಯಾಲೂ ಹಾಕ್ತೀರೇನು?"

ಅವರು ಕಿಟಕಿಯ ಹೊರಗೆ ನೋಡಿದರು. ಅಂಗಳದಲ್ಲಿ ನಮ್ಮ ಕ್ರೂಸರ್ ನಿಂತಿತ್ತು, ಬಂಪರ್ ಒಳಗೆ ಬಾಗಿತ್ತು. "ನಿಮ್ಮ ಮ್ಯಾಲ ಹಾಕಿದ್ರ, ಊದಿಸದ ಬಿಟ್ಟು ಕಳಿಸಿದ ನನ್ನ ಮ್ಯಾಲ ಏನ್ ಹಾಕಬೇಕ್ರಿ?" ಎಂದರು. ಮತ್ತೆ ಪೆನ್ನು ಎತ್ತಿಕೊಳ್ಳುತ್ತಾ ಹೇಳಿದರು, "ಅವತ್ತ ಊದಿಸಿದ್ರ ಹತ್ತು ಸಾವಿರ ಕಟ್ಟಿ, ಲೈಸೆನ್ಸ್ ಕಳಕೊಂಡು ಮನ್ಯಾಗ ಕುಂದರ್ತಿದ್ದ. ಆಕಿ ಕಾಲು ಉಳೀತಿತ್ತು."

ಕೊನೆಗೆ ಅದನ್ನೂ ಬರೆದರು. ನನ್ನ ಮಾತನ್ನೂ ಬರೆದರು, ತಾವು ಊದಿಸದೆ ಬಿಟ್ಟದ್ದನ್ನೂ ಬರೆದರು. ಮೇಲಿನವರು ಅವರಿಗೆ ನೋಟಿಸ್ ಕೊಟ್ಟರೆಂದು ಮುಂದೆ ಕೇಳಿದೆ. ನನ್ನ ಮೇಲೆ ಕೇಸು ಆಗಲಿಲ್ಲ. ನಾನು ಸಾಕ್ಷಿಯಾದೆ.

ಉಳಿದ ಆರು ಜನ ಬ್ರೇಕ್ ಫೇಲ್ ಎಂದೇ ಹೇಳಿಕೆ ಕೊಟ್ಟರು. ನಾಲ್ಕು ದಿನದಲ್ಲಿ ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಗಾಡಿ ಪರೀಕ್ಷಿಸಿ, ಬ್ರೇಕ್ ಸರಿಯಾಗಿದೆ ಎಂದು ಬರೆದುಕೊಟ್ಟರು. ಆಗ ಆರು ಜನರೂ, ನಾವು ಗಾಬರಿಯಲ್ಲಿದ್ದೆವು, ಏನೂ ಗಮನಿಸಲಿಲ್ಲ ಎಂದು ಹೊಸ ಹೇಳಿಕೆ ಕೊಟ್ಟರು. ಬೇರೆ ಕ್ರೂಸರ್ ಗೊತ್ತಾಯಿತು. ನನಗೆ ಯಾರೂ ಫೋನ್ ಮಾಡಲಿಲ್ಲ. ನಾನು ಬಸ್ಸಿಗೆ ಹೋಗತೊಡಗಿದೆ. ಸ್ಟಾಫ್ ರೂಮಿನಲ್ಲಿ ಹಿರಿಯ ಮೇಡಂ ನನಗೆ ಕೇಳುವಂತೆ, "ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕ ಹೊರಗಿನವರು ಬೇಕಾಗಿಲ್ಲ" ಎಂದು ಯಾರಿಗೋ ಹೇಳಿದರು. ಅದಾಗಿ ಎರಡು ದಿನಕ್ಕೆ ಡ್ರೈವರಿನ ಹೆಂಡತಿ ಶಾಲೆಯ ಗೇಟಿಗೆ ಬಂದು ನಿಂತಳು. ಬೈಯಲಿಲ್ಲ. "ಮೂರು ವರ್ಷದಿಂದ ನಾ ಹೇಳ್ತಾ ಬಂದೆ. ನಿಮ್ಮಂಥವರು ಒಬ್ಬರರ ಹೇಳಿದ್ರ ಕೇಳ್ತಿದ್ದ ಅವ" ಎಂದು ಹೇಳಿ ಹೋದಳು.

ಗಾಯವಾದಾಕೆಯ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆಕೆ ತೆಕ್ಕಲಕೋಟೆಯ ಕಡೆಯವಳು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಸಿರುಗುಪ್ಪದಲ್ಲಿದ್ದ ಮಗಳ ಮನೆಯಲ್ಲಿ ಇದ್ದಳು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಕೊಯ್ಲಿನ ಯಂತ್ರಗಳು ಓಡುತ್ತಿದ್ದವು. ಏನು ಹೇಳಬೇಕೆಂದು ಸಾಲುಗಳನ್ನು ಮನಸ್ಸಿನಲ್ಲೇ ಕಟ್ಟುತ್ತಾ ಹೋದೆ. ಕ್ಷಮೆ ಕೇಳಿ ಹಗುರಾಗಿ ಬರುವ ಆಸೆ ಆ ಸಾಲುಗಳ ಹಿಂದೆ ಇತ್ತು ಎಂಬುದು ಸಿರುಗುಪ್ಪದಲ್ಲಿ ಇಳಿದ ಮೇಲೆ ತಿಳಿಯಿತು. ವಾಪಸ್ ಹೋಗಿಬಿಡೋಣ ಎನ್ನಿಸಿತು. ಆದರೂ ವಿಳಾಸ ಕೇಳಿಕೊಂಡು ಹೋದೆ.

ತಗಡಿನ ಮನೆ. ಆಕೆ ಮಂಚದ ಮೇಲೆ ಗೋಡೆಗೆ ಒರಗಿ ಕೂತು ಮೊರದಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಆ ಗಾಡಿಯಲ್ಲಿದ್ದವಳು, ಅವತ್ತು ನಿಮ್ಮ ಕಾಲು ಹಿಡಿದಿದ್ದೆ ಎಂದೆ.

"ಬರ್ರಿ, ಕುಂದರ್ರಿ," ಎಂದಳು. ಮಗಳಿಗೆ ತೆಲುಗಿನಲ್ಲಿ ಚಹಾ ಇಡಲು ಹೇಳಿದಳು. ಸ್ವಲ್ಪ ಹೊತ್ತು ತೊಟ್ಟು ಬಿಡಿಸಿದಳು. ಆಮೇಲೆ ಕೇಳಿದಳು:

"ಭಾಳ ಕುಡಿದಿದ್ನಂತಲ್ರಿ ಅವ. ಒಳಗ ಕುಂತವರಿಗೆ ವಾಸನಿ ಬರ್ಲಿಲ್ಲೇನ್ರಿ?"

ದಾರಿಯಲ್ಲಿ ಕಟ್ಟಿದ್ದ ಸಾಲು ಒಂದೂ ಬಾಯಿಗೆ ಬರಲಿಲ್ಲ.

"ಬರ್ತಿತ್ರಿ," ಎಂದೆ. "ದಿನಾ ಬರ್ತಿತ್ತು. ಒಂದು ಸಲ ಪೊಲೀಸರು ಹಿಡಿದಿದ್ರು. ಕುಡಿದಿಲ್ಲ ಅಂತ ನಾನ ಹೇಳಿ ಬಿಡಿಸಿದೆ."

ಆಕೆಯ ಕೈ ನಿಂತಿತು. ನನ್ನ ಮುಖವನ್ನಲ್ಲ, ನನ್ನ ಕಾಲುಗಳನ್ನು ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಹೊರಳಿ ಮಲಗಿದಳು. ಮಗಳು ಚಹಾ ತಂದಿಟ್ಟಳು. ಅದನ್ನು ಕುಡಿಯುವುದೂ ಕಷ್ಟ, ಬಿಟ್ಟು ಏಳುವುದೂ ಕಷ್ಟ. ಕುಡಿದೆ. ಮಗಳು ಬಾಗಿಲವರೆಗೆ ಬಂದು, "ಮತ್ತ ಬರಬ್ಯಾಡ್ರಿ ಅಕ್ಕ. ಕೋರ್ಟಿನ್ಯಾಗ ಹೇಳ್ರಿ, ಸಾಕು" ಎಂದಳು.

ಕೋರ್ಟಿಗೆ ಒಂದೂವರೆ ವರ್ಷ ಬೇಕಾಯಿತು. ಬಳ್ಳಾರಿಯ ಕೋರ್ಟಿನ ಹಜಾರದಲ್ಲಿ ಮೂರು ಸಲ ಕಾದು ವಾಪಸ್ ಬಂದು, ನಾಲ್ಕನೆಯ ಸಲ ನನ್ನನ್ನು ಕರೆದರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು ನಿಂತಿದ್ದ. ಅವನ ವಕೀಲರು ಎತ್ತರದ ದನಿಯವರಲ್ಲ, ಮೃದುವಾಗಿ ಕೇಳಿದರು.

"ಘಟನೆಗೆ ಹನ್ನೊಂದು ದಿನ ಮೊದಲು ಪೊಲೀಸರು ಕೇಳಿದಾಗ, ಡ್ರೈವರ್ ಕುಡಿಯುವುದಿಲ್ಲ ಎಂದು ಹೇಳಿದ್ದು ನೀವೇ?"

"ಹೌದು."

"ಶಿಕ್ಷಕಿಯಾಗಿದ್ದುಕೊಂಡು, ಸಮವಸ್ತ್ರದಲ್ಲಿದ್ದ ಅಧಿಕಾರಿಗೆ ಹೇಳಿದ ಮಾತು ಅದು. ಅದು ನಿಜವೋ, ಇವತ್ತು ಹೇಳುತ್ತಿರುವುದು ನಿಜವೋ?"

"ಇವತ್ತಿನದು ನಿಜ. ಅವತ್ತಿನದು ಸುಳ್ಳು."

"ಅಂದರೆ ನೀವು ಅನುಕೂಲಕ್ಕೆ ತಕ್ಕಂತೆ ಸುಳ್ಳು ಹೇಳುವವರು."

"ಅವತ್ತು ಹೇಳಿದೆ," ಎಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ಸಣ್ಣಗೆ ನಕ್ಕರು. ಆ ನಗು ನನಗೆ ಸಲ್ಲಬೇಕಾದದ್ದೇ ಆಗಿತ್ತು. ನ್ಯಾಯಾಧೀಶರು ತಲೆಯೆತ್ತದೆ, ರಕ್ತಪರೀಕ್ಷೆಯ ವರದಿ ದಾಖಲೆಯಲ್ಲಿದೆ, ಮುಂದುವರಿಯಿರಿ ಎಂದರು.

ತೀರ್ಪು ಎರಡು ತಿಂಗಳ ನಂತರ ಬಂತು. ಕುಡಿದು ಓಡಿಸಿದ್ದಕ್ಕೆ ಹತ್ತು ಸಾವಿರ ದಂಡ, ಕಾಲು ಹೋಗುವಂತೆ ಗಾಯಪಡಿಸಿದ್ದಕ್ಕೆ ಆರು ತಿಂಗಳ ಜೈಲು. ಮೇಲ್ಮನವಿ ಹಾಕುತ್ತೇನೆಂದು ಅದೇ ದಿನ ಜಾಮೀನು ಪಡೆದ. ಮೇಲ್ಮನವಿ ಇನ್ನೂ ನಡೆಯುತ್ತಿದೆ. ಲೈಸೆನ್ಸ್ ಅಷ್ಟೊತ್ತಿಗಾಗಲೇ ಹೋಗಿತ್ತು, ಕ್ರೂಸರ್ ಮಾರಿಯಾಗಿತ್ತು. ಪರಿಹಾರದ ಕೇಸಿನಲ್ಲಿ, ವಿಮೆಯವರು ಮೊದಲು ಆಕೆಗೆ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾಯಿತು. ಆಕೆಗೆ ಕೃತಕ ಕಾಲು ಬಂದಿದೆ, ಅದರಲ್ಲಿ ಮನೆಯೊಳಗೆ ಓಡಾಡುತ್ತಾಳೆ, ಹೊಲದ ಸಾಲುಗಳಲ್ಲಿ ನಡೆಯಲು ಆಗುವುದಿಲ್ಲ ಎಂದು ಆಕೆಯ ಮಗಳು ಕೋರ್ಟಿನಲ್ಲಿ ಸಿಕ್ಕಾಗ ಹೇಳಿದಳು.

ತೀರ್ಪಿನ ದಿನ ಮೆಟ್ಟಿಲ ಹತ್ತಿರ ಅವನು ನನಗೆ ಎದುರಾದ. ಮಧ್ಯಾಹ್ನ ಹನ್ನೆರಡೂವರೆ. "ನೀವ ಬಿಡಿಸಿದ್ರಿ, ನೀವ ಸಿಗಿಸಿದ್ರಿ ಅಕ್ಕಾರ" ಎಂದ. ಬಾಯಿಯಿಂದ ಅದೇ ವಾಸನೆ. ತೀರ್ಪು ಕೇಳಲು ಕುಡಿದು ಬಂದಿದ್ದ. ಇಂಥವನ ಹಿಂದಿನ ಸೀಟಿನಲ್ಲಿ ದಿನಕ್ಕೆ ಎರಡು ಸಲ ನನ್ನ ಜೀವವನ್ನಿಟ್ಟು ಕೂತಿದ್ದೆನಲ್ಲ ಎಂದು ಮೈಮೇಲೆ ಹುಳ ಹರಿದಂತಾಯಿತು. ಈ ಸಲ ಮೂಗು ತಿರುಗಿಸಲಿಲ್ಲ. "ಈಗೂ ಕುಡಿದು ಬಂದೀರಿ. ಹೆಂಗ ಬಂದ್ರಿ ಇಲ್ಲಿಗೆ?" ಎಂದೆ.

ಅವನ ಹೆಂಡತಿ ಹಿಂದಿನಿಂದ ಬಂದು, "ಬಸ್ಸಿನ್ಯಾಗ ಬಂದೀವ್ರಿ" ಎಂದಳು. ಅವನ ತೋಳು ಹಿಡಿದು ಗೇಟಿನ ಕಡೆ ನಡೆಸಿಕೊಂಡು ಹೋದಳು.

ಮನೆಯಲ್ಲಿ ಆ ವಾರ ಒಂದು ಜಗಳವಾಯಿತು. ನಮ್ಮ ಮನೆಯವರು ಸ್ನೇಹಿತನ ಮಗಳ ನಿಶ್ಚಿತಾರ್ಥ ಮುಗಿಸಿ ಬಂದು ಬೈಕ್ ನಿಲ್ಲಿಸಿದರು. "ಎರಡ ಬಿಯರ್, ನನಗದು ಏರಂಗಿಲ್ಲ" ಎಂದರು. ನಾನು ಬೈಕಿನ ಕೀ ತೆಗೆದುಕೊಂಡು, ಇನ್ನೊಂದು ಸಲ ಹೀಗೆ ಬಂದರೆ ಪೊಲೀಸರಿಗೆ ನಾನೇ ಫೋನ್ ಮಾಡುತ್ತೇನೆ ಎಂದೆ. ಅವರು ನಗಲು ನೋಡಿದರು. ನನ್ನ ಮುಖ ನೋಡಿ ನಿಲ್ಲಿಸಿದರು. ನಾಲ್ಕು ದಿನ ಮಾತಿರಲಿಲ್ಲ. ಈಗ ಪಾರ್ಟಿ ಇದ್ದ ದಿನ ಆಟೋದಲ್ಲಿ ಬರುತ್ತಾರೆ, ಬಂದು ಮುಖ ದಪ್ಪ ಮಾಡಿಕೊಂಡು ಊಟ ಮಾಡುತ್ತಾರೆ. ಮಾಡಲಿ.

ಕಳೆದ ತಿಂಗಳು ಬ್ಯಾಂಕಿನ ಹುಡುಗಿ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಳು. ಹೊಸ ಕ್ರೂಸರ್ ಬಿಟ್ಟೆ ಎಂದಳು. ಯಾಕೆ ಎಂದು ಕೇಳಿದೆ.

"ಇವನೂ ಬೆಳಿಗ್ಗೆನ ಶುರು ಮಾಡ್ಯಾನ್ರಿ ಮೇಡಂ," ಎಂದಳು. "ಎಲ್ಲಾರೂ ಕಿಟಕಿ ತಕ್ಕೊಂಡು ಕುಂದರ್ತಾರ."

"ಯಾರಿಗರ ಹೇಳಿದೇನವ್ವ?"

"ಇಲ್ರಿ. ಸುಮ್ಮನ ಬಿಟ್ಟು ಬಂದೆ."

ನಾನು ಚೀಲದಿಂದ ಫೋನ್ ತೆಗೆದು ಆಕೆಯ ಕೈಗೆ ಕೊಟ್ಟೆ. ಅದರಲ್ಲಿ ಎಸ್‌ಐ ನಂಬರ್ ಇತ್ತು. ಆಕೆ ಸುಮಾರು ಹೊತ್ತು ಅದನ್ನು ಹಿಡಿದುಕೊಂಡು ಕೂತಿದ್ದಳು. ಆಮೇಲೆ ಆ ನಂಬರಿಗೆ ಫೋನ್ ಮಾಡಿ ಗಾಡಿಯ ನಂಬರ್ ಹೇಳಿದಳು.